ಲಕ್ಷದ ಲೆನ್ಸ್ ತಗೊಳ್ಳಲಾ, ಇಲ್ಲಾ ನನ್ನ ಕೈಯೇ ಸರಿ ಇಲ್ಲವಾ?

ಕಟಪಾಡಿ ಗುಮಾಸ್ತ:

ನಮಸ್ಕಾರ. ಇಲ್ಲಿ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ 51 ವರ್ಷ. ಒಂದು ಸೊಸೈಟಿಯಲ್ಲಿ ಗುಮಾಸ್ತ. ಅಕ್ಕನ ಮಗ ಕೆನಡಾಕ್ಕೆ ಹೋಗುವಾಗ ಅವನ ಕ್ಯಾನನ್ 1500ಡಿ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟ. ಜೊತೆಗೆ 18-55 ಮತ್ತು 55-250 ಮಿ.ಮೀ., ಎರಡು ಲೆನ್ಸ್ (ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). "ಮಾವ, ಸುಮ್ನೆ ಕಪಾಟಿನಲ್ಲಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ" ಅಂದ. ಮದುವೆ, ಮುಂಜಿ ತೆಗೆಯಲು ನನಗೆ ಮನಸ್ಸಿಲ್ಲ. ಪ್ರಾಣಿ ಪಕ್ಷಿ ಅಂದರೆ ಸಣ್ಣಂದಿನಿಂದ ಇಷ್ಟ. ಹಾಗಾಗಿ ಒಂದು ವರ್ಷದಿಂದ ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ. ನಾಲ್ಕು ಸಾವಿರಕ್ಕಿಂತ ಜಾಸ್ತಿ ಫೋಟೋ ಆಗಿದೆ. ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಹೆಂಡತಿ ಕೇಳುತ್ತಾಳೆ, "ಇದರಲ್ಲಿ ಹಕ್ಕಿ ಎಲ್ಲಿ ಉಂಟು?" ಅಂತ. ನಾನು ಬೆರಳು ಇಟ್ಟು ತೋರಿಸಬೇಕು.

ನಾಲ್ಕು ಫೋಟೋ ಕೆಳಗೆ ಹಾಕಿದ್ದೇನೆ.

ಮೊದಲನೆಯದು ಮಲ್ಪೆ ಬೀಚಿನಲ್ಲಿ ಗರುಡ. ಸಂಜೆ ಐದೂವರೆಗೆ ತೆಗೆದದ್ದು. ಆಕಾಶದಲ್ಲಿ ಕಪ್ಪು ಚುಕ್ಕೆ, ಅದೂ ಅಲ್ಲಾಡಿದೆ. ಎರಡನೆಯದು ನಮ್ಮ ನಾಯಿ ಕರಿಯ. ಜಗಲಿಯಲ್ಲಿ ಕೂತಿದ್ದಾನೆ, ಹಿಂದೆ ಅಂಗಳ. ಅಂಗಳ ಚಂದ ಬಂದಿದೆ, ಕರಿಯ ಇದ್ದಲ್ಲಿ ಇದ್ದಿಲಿನ ಚೀಲ ಇಟ್ಟ ಹಾಗೆ ಕಾಣುತ್ತದೆ. ಮೂರನೆಯದು ಮಂಗಳೂರಿನ ಪಿಲಿಕುಳ ಮೃಗಾಲಯದ ಚಿರತೆ. ಬಲೆಯ ಒಂದೊಂದು ತಂತಿಯೂ ಸ್ಪಷ್ಟ, ಚಿರತೆ ಮಾತ್ರ ಮಸುಕು. ನಾಲ್ಕನೆಯದು ನಮ್ಮೂರ ಕಟಪಾಡಿ ಕಂಬಳದ್ದು. ಕೋಣ ಎರಡೋ ನಾಲ್ಕೋ ಹೇಳಲು ಆಗುವುದಿಲ್ಲ.

ಮಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದೆ. 150-600 ಲೆನ್ಸ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂದರು. ಬೆಲೆ ಲಕ್ಷದ ಹತ್ತಿರ. ಮಗಳ ಫೀಸು ಕಟ್ಟುವುದು ಬಾಕಿ ಉಂಟು. ಆದರೂ ಆಸೆ ಹೋಗುತ್ತಿಲ್ಲ. ತಗೊಳ್ಳಲಾ? ತಿಳಿದವರು ಹೇಳಿ.

ಪೆರ್ಡೂರು ಹುಡುಗ:

ಅಣ್ಣ, ತಗೊಳ್ಳಿ. 250ರಲ್ಲಿ ಹಕ್ಕಿ ಆಗುವುದಿಲ್ಲ. ನಾನೂ ಮೊದಲು ಹಾಗೇ ಒದ್ದಾಡಿದ್ದು. ಕಂತಿನಲ್ಲಿ ಸಿಗುತ್ತದೆ.

ಹಳೇ ಸ್ಟುಡಿಯೋ:

ಅವಸರ ಬೇಡ ಮಾರಾಯ್ರೇ. ದುಡ್ಡು ಮಗಳ ಫೀಸಿಗೆ ಹೋಗಲಿ.

ನಾನು ಉಡುಪಿಯಲ್ಲಿ 26 ವರ್ಷ ಮದುವೆ ಫೋಟೋ ತೆಗೆದವ. ಧಾರೆ ಎರೆಯುವ ಹೊತ್ತು ತಪ್ಪಿಸಿಕೊಂಡರೆ ಎರಡು ಮನೆಯವರೂ ಸೇರಿ ಬೈಯುತ್ತಾರೆ. ಹಕ್ಕಿ ಬೈಯುವುದಿಲ್ಲ, ಹಾರಿಹೋಗುತ್ತದೆ ಅಷ್ಟೇ. ಮೊಣಕಾಲು ನೋವು ಶುರುವಾಗಿ ಸ್ಟುಡಿಯೋ ಮುಚ್ಚಿದ ಮೇಲೆ ಹಕ್ಕಿಯ ಹಿಂದೆ ಬಿದ್ದೆ. ಮೊದಲ ಎರಡು ವರ್ಷ ನನ್ನದೂ ಕಪ್ಪು ಚುಕ್ಕೆಯೇ. ಇಷ್ಟು ವರ್ಷ ಕ್ಯಾಮೆರಾ ಹಿಡಿದವನಿಗೇ ಹಾಗಾದರೆ ನಿಮ್ಮದು ಎಂತ ದೊಡ್ಡ ವಿಷಯ.

ನಿಮ್ಮ ಗರುಡದ ಫೋಟೋದ ಮಾಹಿತಿ ನೋಡಿದೆ. ಶಟರ್ ವೇಗ 1/125 ಸೆಕೆಂಡ್, ಲೆನ್ಸಿನ ಕಿಂಡಿ ಎಫ್ 5.6, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅಂತ ಹೇಳುವ ಐಎಸ್ಒ 100. ಕಥೆ ಅಲ್ಲೇ ಗೊತ್ತಾಯಿತು. "ಐಎಸ್ಒ ಕಡಿಮೆ ಇದ್ದಷ್ಟು ಒಳ್ಳೆಯದು" ಅಂತ ಅಳಿಯ ಹೇಳಿರಬೇಕು, ಅಲ್ವಾ? ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಯುವಾಗ ಆ ಮಾತು ಸರಿ. ಗರುಡವನ್ನು ಕುರ್ಚಿಯಲ್ಲಿ ಕೂರಿಸಲು ಆಗುವುದಿಲ್ಲ. ಅದೇ ಬೆಳಕಿನಲ್ಲಿ ಐಎಸ್ಒ 1600 ಇಟ್ಟಿದ್ದರೆ ನಿಮಗೆ 1/2000 ಸಿಗುತ್ತಿತ್ತು. ಸ್ವಲ್ಪ ಕಾಳು ಕಾಳು ಬರುತ್ತಿತ್ತು, ಬರಲಿ. ಕಾಳು ಬಂದ ಗರುಡ ಗರುಡವೇ. ಅಲ್ಲಾಡಿದ ಗರುಡವನ್ನು ಯಾವ ಸಾಫ್ಟ್‌ವೇರಿನಲ್ಲೂ ರಿಪೇರಿ ಮಾಡಲಿಕ್ಕೆ ಆಗುವುದಿಲ್ಲ.

ಕ್ಯಾಮೆರಾದ ಮೇಲಿನ ಚಕ್ರದಲ್ಲಿ ಟಿವಿ ಅಂತ ಉಂಟು. ಧಾರಾವಾಹಿಯ ಟಿವಿ ಅಲ್ಲ, ಶಟರ್ ವೇಗವನ್ನು ನೀವೇ ಹೇಳುವ ಮೋಡ್. ಅದಕ್ಕೆ ಹಾಕಿ, ಐಎಸ್ಒ ಆಟೋದಲ್ಲಿ ಬಿಡಿ. ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/2000. ನಿಮ್ಮ ಕ್ಯಾಮೆರಾದ ಸೆನ್ಸರ್ ಸಣ್ಣದು. ಹಾಗಾಗಿ 250 ಲೆನ್ಸ್ 400ರ ಹಾಗೆ ಕೆಲಸ ಮಾಡುತ್ತದೆ. 1/400ಕ್ಕಿಂತ ಕೆಳಗೆ ಇಳಿದರೆ ಕೈ ನಡುಗಿದ್ದೂ ಕಾಣುತ್ತದೆ. ಲೆನ್ಸಿನಲ್ಲಿ ನಡುಕ ತಡೆಯುವ ಐಎಸ್ ಉಂಟಲ್ಲಾ ಅಂತ ಕೇಳಬೇಡಿ. ಅದು ಹಿಡಿಯುವುದು ನಿಮ್ಮ ಕೈಯನ್ನು, ಹಕ್ಕಿಯ ರೆಕ್ಕೆಯನ್ನಲ್ಲ.

ಇನ್ನು ಫೋಕಸ್. ಅದನ್ನು ಎಐ ಸರ್ವೋಗೆ ಹಾಕಿ. ಗುಂಡಿ ಅರ್ಧ ಒತ್ತಿ ಹಿಡಿದಷ್ಟು ಹೊತ್ತು ಅದು ಹಕ್ಕಿಯ ಹಿಂದೆಯೇ ಹೋಗುತ್ತದೆ. ನಿಮ್ಮದರಲ್ಲಿ ಒಂಬತ್ತು ಫೋಕಸ್ ಚುಕ್ಕೆ ಇವೆ. ಅದರಲ್ಲಿ ನಡುವಿನದ್ದೇ ಗಟ್ಟಿ. ಅದೊಂದನ್ನು ಇಟ್ಟುಕೊಂಡು ಕಣ್ಣಿನ ಮೇಲೆ ಇಡಿ. ಬಾಲ ಮಸುಕಾದರೆ ಯಾರೂ ಕೇಳುವುದಿಲ್ಲ, ಕಣ್ಣು ಮಸುಕಾದರೆ ಆ ಫೋಟೋ ಹೋಯಿತು.

ಈಗ ಮಲ್ಪೆಗೆ ಬನ್ನಿ. ನೀವು ಸಂಜೆ ಹೋದದ್ದೇ ತಪ್ಪು. ನಮ್ಮ ಕಡಲು ಪಡುವಣಕ್ಕೆ ಉಂಟು. ಸಂಜೆ ಕಡಲಿಗೆ ಮುಖ ಮಾಡಿದರೆ ಸೂರ್ಯ ಎದುರಿಗೆ, ಹಕ್ಕಿ ಕಪ್ಪಾಗದೆ ಏನಾಗಬೇಕು? ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಹೋಗಿ. ಸೂರ್ಯ ನಿಮ್ಮ ಬೆನ್ನಿಗೆ, ಬೆಳಕೆಲ್ಲ ಗರುಡದ ಮುಖಕ್ಕೆ. ಇನ್ನೊಂದು ಗುಟ್ಟು ಉಂಟು, ಇದನ್ನು ಕಲಿಯಲು ನನಗೇ ಒಂದು ಚಳಿಗಾಲ ಹಿಡಿಯಿತು. ಹಕ್ಕಿ ಇಳಿಯುವುದು, ಏಳುವುದು ಎರಡೂ ಗಾಳಿಗೆ ಎದುರಾಗಿ. ಬೆಳಿಗ್ಗೆ ನಮ್ಮಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೆ. ಹಾಗಾಗಿ ಬೆಳಿಗ್ಗೆ ನೀರಿಗೆ ಮುಖ ಮಾಡಿ ನಿಂತರೆ ಬಿಸಿಲೂ ಗಾಳಿಯೂ ನಿಮ್ಮ ಬೆನ್ನಿಗೆ. ಮೀನಿಗೆ ಇಳಿಯುವ ಗರುಡ ನಿಮ್ಮ ಮುಖಕ್ಕೇ ಬರುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಬರೇ ಪುಕ್ಕ ಸಿಗುತ್ತದೆ.

ಕೈರಂಪಣಿ ಬಲೆ (ದಡದಲ್ಲಿ ನಿಂತು ಕೈಯಿಂದ ಎಳೆಯುವ ಮೀನಿನ ಬಲೆ) ಎಳೆಯುವ ದಿನ ಸಿಕ್ಕಿದರೆ ಬಿಡಬೇಡಿ. ಬಲೆ ದಡ ಮುಟ್ಟುವ ಮೊದಲೇ ಗರುಡ, ಕಾಗೆ, ಬೆಳ್ಳಕ್ಕಿ ಎಲ್ಲ ಹಾಜರ್. ಈಗ ನವೆಂಬರ್ ಅಲ್ವಾ, ವಲಸೆ ಬಂದ ಕಡಲಕ್ಕಿಗಳೂ ಇರುತ್ತವೆ. ಬಲೆ ಎಳೆಯುವವರನ್ನು ಮೊದಲು ಮಾತಾಡಿಸಿ, ಹಗ್ಗದ ಹತ್ತಿರ ಅಡ್ಡ ನಿಲ್ಲಬೇಡಿ. ನನಗೆ ಒಬ್ಬರು "ಫೋಟೋ ಆಮೇಲೆ, ಮೊದಲು ಒಂದು ಕೈ ಹಾಕಿ" ಅಂದಿದ್ದರು. ಹಾಕಿದೆ. ಆಮೇಲೆ ಎಲ್ಲಿ ನಿಂತರೂ ಯಾರೂ ಏನೂ ಹೇಳಲಿಲ್ಲ. ಒಂದು ಕಟ್ಟು ಬಂಗುಡೆಯೂ ಸಿಕ್ಕಿತು.

ಗರುಡದ ತಲೆ ಬಿಳಿ, ಮೈ ಕೆಂಪು ಕಂದು. ಹಿಂದೆ ಗಾಢ ನೀರು ಇದ್ದರೆ ಕ್ಯಾಮೆರಾ ಮೋಸ ಹೋಗಿ ಬೆಳಕು ಜಾಸ್ತಿ ಮಾಡುತ್ತದೆ, ತಲೆ ಸುಣ್ಣ ಬಳಿದ ಹಾಗೆ ಆಗುತ್ತದೆ. ಎಕ್ಸ್‌ಪೋಷರ್ ಮೈನಸ್ ಎರಡು ಗೆರೆ ಇಳಿಸಿ. ಬೆಳ್ಳಕ್ಕಿಗೂ ಅದೇ.

ಚಿರತೆಯದ್ದು ಸುಲಭ. ತಡೆಬೇಲಿ ದಾಟದೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗಿ, ಝೂಮ್ ಪೂರ್ತಿ 250ಕ್ಕೆ ಎಳೆಯಿರಿ. ಆಗ ಮೋಡ್ ಎವಿಗೆ (ಲೆನ್ಸಿನ ಕಿಂಡಿಯನ್ನು ನೀವೇ ಹೇಳುವ ಮೋಡ್) ಹಾಕಿ ಎಫ್ 5.6 ಇಡಿ. ಬಿಸಿಲು ಬಿದ್ದ ಬಲೆ ಹೊಳೆಯುತ್ತದೆ, ನೆರಳು ಬಿದ್ದ ಕಡೆ ಹುಡುಕಿ. ಚಿರತೆ ಬಲೆಗೆ ತಾಗಿ ಕೂತಿದ್ದರೆ ಕ್ಯಾಮೆರಾ ಕೆಳಗಿಡಿ. ಅದು ಹಿಂದೆ ಹೋದಾಗ ಮಾತ್ರ ಬಲೆ ಕರಗಿದ ಹಾಗೆ ಆಗುವುದು. ಫೋಕಸ್ ತಂತಿಯನ್ನೇ ಹಿಡಿದರೆ ಮ್ಯಾನ್ಯುವಲ್‌ಗೆ ಹಾಕಿ ಕೈಯಲ್ಲಿ ತಿರುಗಿಸಿ.

ಇದೆಲ್ಲ ಒಂದು ಭಾನುವಾರದ ಪಾಠ. ನಿಜವಾದ ತೊಂದರೆ ಬೇರೆ. ನೀವು ಒಂದು ವರ್ಷದಲ್ಲಿ ಮಲ್ಪೆ, ಪಿಲಿಕುಳ, ಕಂಬಳ ಎಲ್ಲ ತಿರುಗಿದ್ದೀರಿ. ಮನೆ ಹಿಂದೆ ಮಟ್ಟು ಕಡೆಯ ಗದ್ದೆ ಉಂಟಲ್ಲ, ಅಲ್ಲಿ ಎಷ್ಟು ಸಲ ಕೂತಿದ್ದೀರಿ? ಸುಗ್ಗಿ ಬೆಳೆಗೆ ಈಗ ಟಿಲ್ಲರ್ ಇಳಿಯುವ ಹೊತ್ತು. ಟಿಲ್ಲರಿನ ಹಿಂದೆ ಬೆಳ್ಳಕ್ಕಿ ಸಾಲು ಬರುತ್ತದೆ, ಹುಳ ಹೆಕ್ಕಲು. ಅವಕ್ಕೆ ಟಿಲ್ಲರಿನ ಹೆದರಿಕೆ ಇಲ್ಲ, ನಿಂತ ಮನುಷ್ಯನ ಹೆದರಿಕೆ ಉಂಟು. ಒಂದು ಗೋಣಿ ತಗೊಂಡು ಹೋಗಿ. ಕಟ್ಟಪುಣಿಯ (ಗದ್ದೆಯ ಬದು) ಬದಿಯಲ್ಲಿ ಹಾಸಿ, ಹೊಟ್ಟೆ ಅಡಿ ಮಾಡಿ ಮಲಗಿ. ಮೊದಲ ಹತ್ತು ನಿಮಿಷ ಎಲ್ಲ ದೂರ ಓಡುತ್ತವೆ. ಇಪ್ಪತ್ತು ನಿಮಿಷಕ್ಕೆ ಮರೆಯುತ್ತವೆ. ಅರ್ಧ ಗಂಟೆಗೆ ನಿಮ್ಮ 250 ಲೆನ್ಸಿಗೆ ಹಕ್ಕಿ ಜಾಸ್ತಿ ಹತ್ತಿರ ಆಗಿ ಕಾಲು ತುಂಡಾಗಲು ಶುರು. ಮಲಗಿ ತೆಗೆದರೆ ಹಿಂದಿನ ಗದ್ದೆ ದೂರ ಹೋಗಿ ಹಸಿರು ಬಣ್ಣ ಮಾತ್ರ ಉಳಿಯುತ್ತದೆ. ನಿಂತು ತೆಗೆದರೆ ಹಕ್ಕಿಯ ಬೆನ್ನು, ಕೆಸರು, ಕೋಲು, ಪ್ಲಾಸ್ಟಿಕ್ ತೊಟ್ಟೆ.

ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಮೂರೇ ಫೋಟೋ ಹೊಡೆಯುತ್ತದೆ. ಒಟ್ರಾಸಿ ಒತ್ತಿದರೆ ಸಿಗುವುದಿಲ್ಲ. ಹಕ್ಕಿ ಯಾವಾಗ ಏಳುತ್ತದೆ ಅಂತ ಮೊದಲೇ ಗೊತ್ತಿರಬೇಕು. ಹಾರುವ ಮೊದಲು ಮೈ ಸ್ವಲ್ಪ ಮುಂದಕ್ಕೆ ಬಗ್ಗಿಸುತ್ತದೆ. ಎಷ್ಟೋ ಸಲ ಹಿಕ್ಕೆ ಹಾಕಿಯೇ ಏಳುತ್ತದೆ. ನಗಬೇಡಿ, ನಾನು ಆ ಹಿಕ್ಕೆ ನೋಡಿಯೇ ಗುಂಡಿ ಒತ್ತುವುದು.

ಪೆರ್ಡೂರು ಹುಡುಗ:

ಸರ್ ಹೇಳಿದ್ದು ಸರಿ. ಆದರೆ ಎಲ್ಲರಿಗೂ ಅರ್ಧ ಗಂಟೆ ಮಲಗಲು ಪುರುಸೊತ್ತು ಇರಬೇಕಲ್ಲಾ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿದರೆ ಅದೇ ಹತ್ತಿರ ಬರುತ್ತದೆ. ನಾನು ಮಣಿಪಾಲದಲ್ಲಿ ಹಾಗೆ ಒಂದು ಮಡಿವಾಳ ಹಕ್ಕಿ ತೆಗೆದೆ, ಐದೇ ನಿಮಿಷ.

ಹಳೇ ಸ್ಟುಡಿಯೋ:

ಬೇಡ ತಮ್ಮ. ಅದು ಬರುವುದು ನಿನ್ನ ಮೇಲಿನ ಪ್ರೀತಿಗಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂತ ಜಗಳಕ್ಕೆ ಬರುತ್ತದೆ. ಮರಿ ಸಾಕುವ ಹೊತ್ತಿನಲ್ಲಿ ಅದನ್ನು ಹೀಗೆ ಓಡಾಡಿಸಿದರೆ ಮರಿಗೆ ಊಟ ತಪ್ಪುತ್ತದೆ.

ಬುದ್ಧಿ ಹೇಳಲು ನಾನೂ ಸಾಚಾ ಅಲ್ಲ. ಹಕ್ಕಿ ಹುಚ್ಚು ಹತ್ತಿದ ಮೊದಲ ವರ್ಷ ನಮ್ಮ ಮನೆಯ ದಾಸವಾಳ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮೂರು ಮರಿ. ಎದುರಿಗೆ ಒಂದು ಗೆಲ್ಲು ಅಡ್ಡ ಇತ್ತು. ಕತ್ತರಿ ತಂದು ಆ ಗೆಲ್ಲು ಕತ್ತರಿಸಿದೆ. ಫೋಟೋ ಭಯಂಕರ ಚಂದ ಬಂತು, ಮೂರೂ ಮರಿ ಬಾಯಿ ತೆರೆದದ್ದು. ಮರುದಿನ ಬೆಳಿಗ್ಗೆ ಕಾಗೆಗೂ ಗೂಡು ಅಷ್ಟೇ ಚಂದ ಕಂಡಿತು. ತಾಯಿ ಹಕ್ಕಿ ಎರಡು ದಿನ ಬಾಯಲ್ಲಿ ಹುಳ ಇಟ್ಟುಕೊಂಡು ಅದೇ ಗಿಡಕ್ಕೆ ಬಂತು. ಆ ಫೋಟೋ ನಾನು ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ.

ಗೂಡು ಕಂಡರೆ ದೂರ ಹೋಗು. ಗೂಡಿನ ಜಾಗ ಗ್ರೂಪಿನಲ್ಲಿ ಹಾಕಬೇಡ.

ಕರೆಬದಿ:

ಕಂಬಳದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಓಟದ ಕೋಣ ಸಾಕಿದ್ದರು. ಹಾಗಾಗಿ ಕರೆಯ (ಕೋಣ ಓಡುವ ಕೆಸರಿನ ಓಟದ ದಾರಿ) ಬದಿಯಲ್ಲೇ ಬೆಳೆದವ ನಾನು.

ಗುಮಾಸ್ತರೇ, ನಿಮ್ಮ ಕಂಬಳದ ಫೋಟೋದ ಶಟರ್ ವೇಗ 1/80. ಆ ವೇಗ ತಪ್ಪಲ್ಲ, ನೀವು ಕ್ಯಾಮೆರಾ ಗಟ್ಟಿ ಹಿಡಿದು ನಿಂತದ್ದು ತಪ್ಪು. ಕೋಣ ಓಡುವಾಗ ಒಂದೋ 1/1000ಕ್ಕಿಂತ ಮೇಲೆ ಹೋಗಿ ನೀರಿನ ಹನಿಯನ್ನೂ ನಿಲ್ಲಿಸಬೇಕು. ಇಲ್ಲಾ 1/80ರಲ್ಲೇ ಕೋಣದ ಜೊತೆ ನೀವೂ ತಿರುಗಬೇಕು. ತಿರುಗುವುದಕ್ಕೆ ಒಂದು ಉಪಾಯ ಉಂಟು. ಕೋಣ ಮುಗಿಸುವ ಕಡೆಗೆ ಪಾದ ಇಡಿ, ಸೊಂಟದಿಂದ ಮೇಲೆ ಮಾತ್ರ ಶುರುವಿನ ಕಡೆಗೆ ತಿರುಗಿಸಿ ಕಾಯಿರಿ. ಓಟ ಶುರುವಾದಾಗ ಮೈ ತನ್ನಿಂದ ತಾನೇ ಬಿಚ್ಚಿಕೊಳ್ಳುತ್ತದೆ. ಒತ್ತಿದ ಮೇಲೂ ತಿರುಗುವುದು ನಿಲ್ಲಿಸಬೇಡಿ. ಹತ್ತಕ್ಕೆ ಒಂದು ಸರಿ ಬಂದರೆ ಪುಣ್ಯ. ಆದರೆ ಆ ಒಂದರಲ್ಲಿ ಕೋಣದ ತಲೆ ಸ್ಪಷ್ಟ, ಹಿಂದಿನ ಜನ ಎಲ್ಲ ಗೆರೆ ಗೆರೆ.

ಎಲ್ಲರೂ ಹಗ್ಗ, ನೇಗಿಲಿನ ಓಟಕ್ಕೆ ಮುಗಿಬೀಳುತ್ತಾರೆ. ನೀವು ಕನೆ ಹಲಗೆಗೆ (ಕೋಣ ಮರದ ಹಲಗೆ ಎಳೆದು ಓಡುವ ವಿಭಾಗ) ಕಾಯಿರಿ. ಹಲಗೆಯ ತೂತಿನಿಂದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಯವರೆಗೆ ಚಿಮ್ಮುವುದು ಅದರಲ್ಲೇ. ಕ್ಯಾಮೆರಾ ಅಡ್ಡ ಹಿಡಿಯಬೇಡಿ, ಉದ್ದಕ್ಕೆ ಹಿಡಿಯಿರಿ. ಇಲ್ಲದಿದ್ದರೆ ನೀರಿನ ತಲೆ ತುಂಡಾಗುತ್ತದೆ. ಮಂಜೊಟ್ಟಿಯ (ಓಟ ಮುಗಿಯುವ ಜಾಗ) ಎದುರಿಗೆ ಮಾತ್ರ ನಿಲ್ಲಬೇಡಿ. ಓಡಿ ಬಂದ ಕೋಣಕ್ಕೆ ಬ್ರೇಕ್ ಇಲ್ಲ. ಒಬ್ಬ ಫೋಟೋದವ ಕ್ಯಾಮೆರಾ ಸಮೇತ ಕೆಸರಿಗೆ ಹೋದದ್ದು ನಾನೇ ಕಂಡಿದ್ದೇನೆ.

ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ತೊಟ್ಟೆ, ಲೆನ್ಸ್ ಬರುವಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಸಾಕು.

ಜಗಲಿಯ ಬೆಕ್ಕು:

ಅಣ್ಣಾ, ಕರಿಯನ ಬಗ್ಗೆ ಯಾರೂ ಹೇಳಲಿಲ್ಲ, ಪಾಪ. ನಮ್ಮ ಮನೆಯಲ್ಲಿ ಎರಡು ಕರಿ ಬೆಕ್ಕು ಇವೆ, ಹಾಗಾಗಿ ಈ ಕಷ್ಟ ನನಗೆ ಗೊತ್ತು.

ಕ್ಯಾಮೆರಾ ನೋಡಿದ್ದು ಬಿಸಿಲಿನ ಅಂಗಳವನ್ನು. ಅದಕ್ಕೆ ತಕ್ಕ ಹಾಗೆ ಬೆಳಕು ಇಳಿಸಿತು, ಕರಿಯ ಮುಳುಗಿದ. ನೀವು ಜಾಗ ಅದಲು ಬದಲು ಮಾಡಿಕೊಳ್ಳಿ. ನೀವು ಅಂಗಳಕ್ಕೆ ಇಳಿಯಿರಿ. ಕರಿಯ ಬಾಗಿಲ ಹತ್ತಿರ, ಮಾಡಿನ ನೆರಳಲ್ಲೇ, ಅಂಗಳಕ್ಕೆ ಮುಖ ಮಾಡಿ ಕೂರಲಿ. ಹಿಂದೆ ಮನೆಯೊಳಗಿನ ಕತ್ತಲು. ಆಗ ಅಂಗಳದ ಬೆಳಕು ಅವನ ಕಣ್ಣಲ್ಲಿ ಎರಡು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆ ಇದ್ದರೆ ನಾಯಿ ಜೀವಂತ, ಇಲ್ಲದಿದ್ದರೆ ಬೊಂಬೆ. ನೀವೂ ನೆಲದಲ್ಲಿ ಕೂರಿ, ಅವನ ಕಣ್ಣಿನ ಎತ್ತರಕ್ಕೆ ಲೆನ್ಸ್ ಬರಲಿ. ಫ್ಲ್ಯಾಶ್ ಹಾಕಿದರೆ ಕಣ್ಣು ಹಸಿರು ಹೊಳೆಯುತ್ತದೆ, ಭೂತದ ಹಾಗೆ. ಹೆಸರು ಕರೆಯುತ್ತಾ ಇರಬೇಡಿ, ಎದ್ದು ಬಂದು ಲೆನ್ಸ್ ನೆಕ್ಕುತ್ತಾನೆ. ಯಾರಾದರೂ ನಿಮ್ಮ ಹಿಂದೆ ನಿಂತು ಬಿಸ್ಕತ್ತಿನ ಪ್ಯಾಕೆಟ್ ಪರಪರ ಮಾಡಿದರೆ ಕಿವಿ ನೆಟ್ಟಗಾಗುತ್ತದೆ. ಆ ಸದ್ದು ಮೂರು ಸಲ ನಡೆಯುತ್ತದೆ, ನಾಲ್ಕನೆಯ ಸಲಕ್ಕೆ ಬಿಸ್ಕತ್ತು ಕೊಡಲೇಬೇಕು.

ಇನ್ನೊಂದು. ನಿಮ್ಮ ಅಳಿಯ ಬೂಸ್ಟು ಅಂದದ್ದು ತಮಾಷೆಗಲ್ಲ. ನಾನು ಒಂದು ಮಳೆಗಾಲ ಪೂರ್ತಿ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಹಾಕಿ ಕಪಾಟಿನಲ್ಲಿ ಇಟ್ಟೆ. ಚೌತಿಗೆ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ. ರಿಪೇರಿಯವರು ಬಿಚ್ಚಿ ಒರೆಸಿದರು, ಗುರುತು ಹೋಗಲಿಲ್ಲ. ನಮ್ಮ ಕರಾವಳಿಯ ತೇವಕ್ಕೆ ಬ್ಯಾಗೇ ಶತ್ರು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಒಳಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮುಳ್ಳು 40ರಿಂದ 50ರ ಒಳಗೆ ಇದ್ದರೆ ಸರಿ. ಜೆಲ್ಲಿನ ಬಣ್ಣ ಬದಲಾದರೆ ಹಳೆಯ ಕಾವಲಿಯಲ್ಲಿ ಹದವಾಗಿ ಬಿಸಿ ಮಾಡಿ ತೇವ ಓಡಿಸಬಹುದು. ಆ ಕಾವಲಿಯಲ್ಲಿ ಮತ್ತೆ ದೋಸೆ ಹೊಯ್ಯಬೇಡಿ. ಬೀಚಿಗೆ ಹೋಗಿ ಬಂದ ದಿನ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಕ್ಯಾಮೆರಾದ ಹೊರಮೈ ಒರೆಸಿ, ಉಪ್ಪು ಕೂತಿರುತ್ತದೆ. ಬೀಚಿನಲ್ಲಿ ಲೆನ್ಸ್ ಬದಲಾಯಿಸಲೇಬೇಡಿ.

ಕಟಪಾಡಿ ಗುಮಾಸ್ತ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಉಪಕಾರ ಆಯಿತು.

ಲೆನ್ಸ್ ತಗೊಳ್ಳಲಿಲ್ಲ. ಗಾಳಿ ಹೋಗದ ಡಬ್ಬ ತಂದೆ. ಗೋಣಿ ಮನೆಯಲ್ಲೇ ಇತ್ತು.

ಮೊದಲ ಭಾನುವಾರ ಗದ್ದೆಯಲ್ಲಿ ಮಲಗಿದಾಗ ನೆರೆಮನೆಯವರು ಓಡಿ ಬಂದರು. ತಲೆತಿರುಗಿ ಬಿದ್ದೆ ಅಂದುಕೊಂಡರಂತೆ. ಹಕ್ಕಿಗಳೆಲ್ಲ ಹಾರಿದವು. ಎರಡನೆಯ ವಾರ ಟಿಲ್ಲರಿನವ ಹೊರಟು ಹೋದ ಮೇಲೂ ನಾನು ಎದ್ದಿರಲಿಲ್ಲ. ಸ್ಟುಡಿಯೋ ಸರ್ ಹೇಳಿದ ಹಾಗೆ ಒಂದು ಬೆಳ್ಳಕ್ಕಿ ಕಟ್ಟಪುಣಿಯ ಮೇಲೇ ನಡೆದುಕೊಂಡು ಬಂತು. ಹದಿನೈದು ಅಡಿ ಇರಬಹುದು. ಬಾಯಲ್ಲಿ ಕಪ್ಪೆ. ನನ್ನ ಉಸಿರೇ ನಿಂತಿತು. ಒತ್ತಿದೆ. ಆಮೇಲೆ ನೋಡಿದರೆ ಹಿಂದಿನ ರಾತ್ರಿ ಕರಿಯನಿಗೆ ಎಕ್ಸ್‌ಪೋಷರ್ ಪ್ಲಸ್ ಎರಡು ಹಾಕಿದ್ದನ್ನು ತೆಗೆಯಲು ಮರೆತಿದ್ದೆ. ಕಪ್ಪೆ ಲಾಯಕ್ಕಾಗಿ ಬಂದಿದೆ, ಹಕ್ಕಿ ಪೂರ್ತಿ ಸುಣ್ಣ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಮೊನ್ನೆ ಪುನಃ ಹೋದೆ. ಕಪ್ಪೆ ಇಲ್ಲ. ಬೆಳ್ಳಕ್ಕಿ ಒಂದು ಕಾಲು ಎತ್ತಿ ನಿಂತು ನನ್ನನ್ನೇ ನೋಡುವುದು ಸಿಕ್ಕಿತು. ಗರಿಯ ಒಂದೊಂದು ಎಳೆ ಕಾಣುತ್ತದೆ. ಮೇಲೆ ಹಾಕಿದ್ದೇನೆ, ನೋಡಿ.

ಕರಿಯನದ್ದೂ ಆಯಿತು. ಬಿಸ್ಕತ್ತಿನ ಪ್ಯಾಕೆಟ್ ಹಿಡಿದದ್ದು ಹೆಂಡತಿ. ಫೋಟೋ ನೋಡಿ ಅವಳು ಏನೂ ಹೇಳಲಿಲ್ಲ, ಸೀದಾ ತನ್ನ ವಾಟ್ಸಾಪಿನ ಚಿತ್ರಕ್ಕೆ ಹಾಕಿಕೊಂಡಳು. ಇಷ್ಟು ದಿನ ಅಲ್ಲಿ ನಮ್ಮಿಬ್ಬರ ಫೋಟೋ ಇತ್ತು.

ಮಲ್ಪೆಗೆ ಬರುವ ವಾರ. ಸ್ಟುಡಿಯೋ ಸರ್, ನೀವೂ ಬರುವುದಾದರೆ ಹೇಳಿ, ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಜಗಲಿಯ ಬೆಕ್ಕು ತಂಗೀ, ಬಿಳಿ ಬನಿಯನಿನ ಗದ್ದೆ ಕೆಸರು ಹೋಗಲು ಎಂತ ಹಾಕಬೇಕು? ಮನೆಯಲ್ಲಿ ಕೇಳುವ ಧೈರ್ಯ ಇಲ್ಲ.

ಜಗಲಿಯ ಬೆಕ್ಕು:

ಹೋಗುವುದಿಲ್ಲ ಅಣ್ಣಾ. ಅದನ್ನೇ ಫೋಟೋ ಬನಿಯನ್ ಅಂತ ಬೇರೆ ಇಟ್ಟುಬಿಡಿ.